ಸುಳ್ಳಿಗೆ ಹೊರಗೆ ಕೂತ ದಿನಗಳು

ಹೋದ ತಿಂಗಳು ಆಸ್ಪತ್ರೆಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಹಳ್ಳಿಯ ಕಡೆಯವಳು, ಮೂವತ್ತು ದಾಟಿರಲಿಕ್ಕಿಲ್ಲ. ಬೆಂಚಿನ ತುದಿಯಲ್ಲಿ ಒಂದೇ ತೊಡೆಯ ಮೇಲೆ ಭಾರ ಬಿಟ್ಟು, ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಆಗಾಗ ಅಲುಗಾಡುತ್ತಿದ್ದಳು. ಹಾಗೆ ಕೂರುವುದು ಏನೆಂದು ನನಗೆ ಗೊತ್ತು. ನಾನೂ ಒಂದು ಕಾಲದಲ್ಲಿ ಹತ್ತು ತಿಂಗಳು ಹಾಗೆಯೇ ಕೂತವಳು.

"ಸಕ್ಕರೆ ಕಾಯಿಲೆಯೇನಮ್ಮ?" ಎಂದೆ.

"ಊಂ ಕಣಕ್ಕ. ಓದ್ವಾರ ಯೋಳುದ್ರು." ಆಚೆ ಈಚೆ ನೋಡಿ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಅಕ್ಕಾ, ತಪ್ಪು ತಿಳ್ಕಬ್ಯಾಡಿ. ಈ ಕಾಯ್ಲೆ ಬಂದೋರು ಗಂಡನ್ ಜೊತೆ ಇರಕ್ಕಾಯ್ತದಾ?"

ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಎದ್ದು ಹೋದೆ. ಹೊರಗೆ ಬಂದು ನೋಡಿದರೆ ಅವಳಿರಲಿಲ್ಲ. ಬೆಂಚಿನ ಮೇಲೆ ಬೇರೆ ಯಾರೋ ಕೂತಿದ್ದರು.

ಅವಳು ಕೇಳಿದ ಪ್ರಶ್ನೆಯನ್ನು ಹತ್ತು ವರ್ಷದ ಹಿಂದೆ ನಾನೂ ಯಾರನ್ನಾದರೂ ಕೇಳಬೇಕೆಂದು ಒದ್ದಾಡಿದ್ದೆ. ಬಾಯಿ ಬಂದಿರಲಿಲ್ಲ. ಅವಳಿಗೆ ಬಂತು. ಉತ್ತರ ಹೇಳದೆ ಎದ್ದುಹೋದದ್ದು ನನ್ನ ಮನಸ್ಸನ್ನು ಕೊರೆಯುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಓದಿ ಮುಖ ಸಿಂಡರಿಸುವವರು ಧಾರಾಳವಾಗಿ ಸಿಂಡರಿಸಲಿ. ಅವರಿಗೆ ಆ ತುರಿಕೆ ಬಂದಿಲ್ಲ ಎಂದಷ್ಟೇ ನಾನು ತಿಳಿದುಕೊಳ್ಳುತ್ತೇನೆ.

ಆಗ ಇನ್ನೂ ಏಕೀಕರಣ ಆಗಿರಲಿಲ್ಲ. ನಮ್ಮ ಮನೆ ಸರಸ್ವತಿಪುರಂನಲ್ಲಿತ್ತು. ಮುಂದೆ ಚಿಕ್ಕ ಜಗಲಿ, ಹಿಂದೆ ಹಿತ್ತಿಲು, ಹಿತ್ತಿಲಿನಲ್ಲಿ ಒಗೆಯುವ ಕಲ್ಲು, ಒಂದು ನೆಲ್ಲಿಕಾಯಿ ಮರ. ನಮ್ಮ ಮನೆಯವರು ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದರು. ಮನೆಯಲ್ಲಿ ಇವರು, ನಾನು, ಎಂಟು ವರ್ಷದ ಮಗಳು ವಸು, ಮತ್ತೆ ನಮ್ಮತ್ತೆ. ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅತ್ತೆಯದು ಬಲು ಕಟ್ಟುನಿಟ್ಟಿನ ಮಡಿ. ಅವರು ಅಡುಗೆಮನೆಯಲ್ಲಿದ್ದರೆ ವಸು ಕೂಡ ಹೊಸಿಲಿನಾಚೆ ನಿಂತು ಮಾತಾಡಬೇಕು.

ಅದಕ್ಕೆ ಎರಡು ವರ್ಷ ಹಿಂದೆ ನನಗೆ ಇನ್ನೊಂದು ಹೆರಿಗೆಯಾಗಿತ್ತು. ಗಂಡು ಮಗು. ದಾದಿ ಎತ್ತಿ ಹಿಡಿದು "ಅಯ್ಯಯ್ಯೋ, ಎಷ್ಟು ದೊಡ್ಡ ಮಗು!" ಎಂದದ್ದು ಕೇಳಿಸಿತು. ಮಗುವಿನ ಅಳು ಮಾತ್ರ ಕೇಳಿಸಲಿಲ್ಲ. ಅದು ಯಾಕೆ ಅಷ್ಟು ದೊಡ್ಡದಾಗಿತ್ತು, ಯಾಕೆ ಉಳಿಯಲಿಲ್ಲ ಎಂದು ಯಾರೂ ಕೇಳಲಿಲ್ಲ. ಅದೂ ಸಕ್ಕರೆಯದೇ ಕೆಲಸವೆಂದು ತಿಳಿದದ್ದು ಬಹಳ ಕಾಲದ ಮೇಲೆ. ಆಮೇಲೆ ನಾನು ಸೊರಗಿದೆ. ರವಿಕೆಗಳೆಲ್ಲ ಸಡಿಲವಾದವು. ಬಾಣಂತನ ನೆಟ್ಟಗಾಗಲಿಲ್ಲ, ಅದಕ್ಕೇ ನಿತ್ರಾಣ ಎಂದು ಅತ್ತೆ ಬೆಲ್ಲದ ಪಾಕದಲ್ಲಿ ಲೇಹ್ಯ ಮಾಡಿ ಬೆಳಿಗ್ಗೆ ಸಂಜೆ ಒಂದೊಂದು ನೆಲ್ಲಿಕಾಯಿ ಗಾತ್ರ ನನ್ನ ಕೈಗೆ ಹಾಕುತ್ತಿದ್ದರು. ನಾನು ತಿಂದಷ್ಟೂ ಸೊರಗುತ್ತಿದ್ದೆ. ಸೊರಗಿದಷ್ಟೂ ಅವರು ತುಪ್ಪ ಬೆಲ್ಲ ಹೆಚ್ಚಿಸುತ್ತಿದ್ದರು.

ತುರಿಕೆ ಶುರುವಾದದ್ದು ಆ ದಿನಗಳಲ್ಲೇ. ಎಲ್ಲಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹಸಿ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿ. ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ತೊಳೆದೆ. ಅರಿಶಿನ ಹಚ್ಚಿದೆ. ಎರಡು ದಿನ ತಣ್ಣಗಿದ್ದು ಮೂರನೆಯ ದಿನ ಇನ್ನಷ್ಟು ಕೆರಳುತ್ತಿತ್ತು. ಬಿಳಿ ಹೋಗುತ್ತಿತ್ತು. ದೋಸೆ ಹುಯ್ಯುತ್ತಾ ನಿಂತಿರುವಾಗ ತೊಡೆಗೆ ತೊಡೆ ಒತ್ತಿ ಹಲ್ಲು ಕಚ್ಚಿಕೊಳ್ಳುತ್ತಿದ್ದೆ.

ನಾನೂ ಇವರೂ ಸುಖವಾಗಿದ್ದವರು. ಮದುವೆಯಾಗಿ ಹನ್ನೊಂದು ವರ್ಷವಾದರೂ ಇವರು ಕಾಲೇಜಿನಿಂದ ಬಂದು ಸೈಕಲ್ಲಿಗೆ ಬೀಗ ಹಾಕುವ ಸದ್ದಿಗೆ ನನ್ನ ಮುಖ ಅರಳುತ್ತಿತ್ತು ಎಂದು ಅಕ್ಕಪಕ್ಕದವರು ಗೇಲಿ ಮಾಡುತ್ತಿದ್ದರು. ಈಗ ಅದೇ ಸದ್ದಿಗೆ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದೆ. ಇವರು ಹತ್ತಿರ ಬಂದರೆ ನೋವು. ಮೈಯೆಲ್ಲ ಒಣಗಿಹೋದ ಹಾಗೆ, ಗಾಯದ ಮೇಲೆ ಉಜ್ಜಿದ ಹಾಗೆ. ಒಂದೆರಡು ಸಲ ಸಹಿಸಿದೆ. ಒಂದು ಸಲ ತಡೆಯಲಾರದೆ ಕೂಗಿಬಿಟ್ಟೆ. ಇವರು ಬೆಚ್ಚಿ ಹಿಂದೆ ಸರಿದರು. "ಏನಾಯ್ತು?" ಎಂದರು. "ಕಾಲು ಸೆಳೆತ" ಎಂದೆ.

ಕಾಲು ಎಷ್ಟು ದಿನ ಸೆಳೆಯುತ್ತದೆ? ನನಗೆ ಇನ್ನೊಂದು ನೆಪ ಬೇಕಾಗಿತ್ತು. ಅದು ಮನೆಯ ಹಿಂದೆಯೇ ಇತ್ತು.

ಮುಟ್ಟಾದ ಹೆಂಗಸು ಮೂರು ದಿನ ಹೊರಗೆ ಕೂರುವ ಪದ್ಧತಿ ನಮ್ಮಲ್ಲಿ. ಹಿತ್ತಿಲ ಬಾಗಿಲ ಪಕ್ಕ ಒಂದು ಪುಟ್ಟ ಕೋಣೆ, ಚಾಪೆ, ಒಂದು ತಟ್ಟೆ, ಒಂದು ಚೊಂಬು. ಅವಳನ್ನು ಯಾರೂ ಮುಟ್ಟುವ ಹಾಗಿಲ್ಲ, ಅವಳೂ ಯಾರನ್ನೂ ಏನನ್ನೂ ಮುಟ್ಟುವ ಹಾಗಿಲ್ಲ. ಗಂಡನಂತೂ ಆ ಕಡೆ ತಲೆ ಹಾಕುವುದಿಲ್ಲ. ನಾಲ್ಕನೆಯ ದಿನ ತಲೆಗೆ ಸ್ನಾನ ಮಾಡಿ ಒಳಗೆ ಬರಬೇಕು. ಹುಡುಗಿಯಾಗಿದ್ದಾಗ ಆ ಕೋಣೆ ಎಂದರೆ ನನಗೆ ಅಳು ಬರುತ್ತಿತ್ತು. ಈಗ ಅದೊಂದೇ ನನಗೆ ನೆಮ್ಮದಿಯ ಜಾಗವಾಯಿತು. ತಿಂಗಳು ತುಂಬದೆಯೇ ಒಂದು ಬೆಳಿಗ್ಗೆ "ಅತ್ತೇ, ಹೊರಗಾದೆ" ಎಂದುಬಿಟ್ಟೆ.

ಸುಳ್ಳು ನಿಲ್ಲಬೇಕಲ್ಲ. ಅದಕ್ಕೆ ಬಿಳಿ ಬಟ್ಟೆಯ ತುಂಡುಗಳನ್ನು ಒಗೆದು ನೆಲ್ಲಿಕಾಯಿ ಮರದ ಹಿಂದೆ ಒಣಹಾಕುತ್ತಿದ್ದೆ. ಹದಿನೈದು ದಿನಕ್ಕೊಮ್ಮೆ ಹೀಗೆ ಕೂರತೊಡಗಿದೆ. ಬರಬರುತ್ತಾ ಹತ್ತು ದಿನಕ್ಕೊಮ್ಮೆಯೂ ಆಯಿತು. ಇವರು ಏನೂ ಕೇಳಲಿಲ್ಲ. ಗಂಡಸರು ಆ ವಿಷಯ ಕೇಳುವ ರೂಢಿಯೇ ಇರಲಿಲ್ಲ. ಅತ್ತೆ ಒಂದು ಸಲ ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿ, ಲೇಹ್ಯದ ಡಬ್ಬಿ ತರಲು ಒಳಗೆ ಹೋದರು.

ಭಯ ಅಷ್ಟಕ್ಕೇ ನಿಂತಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಒಂದು ದಿನ ಪಕ್ಕದ ಮನೆಯವರ ಜೊತೆ ಒಣಮೆಣಸಿನಕಾಯಿ ತರಲು ಮಂಡಿ ಮೊಹಲ್ಲಾಕ್ಕೆ ಹೋದೆ. ಸಗಟು ಅಂಗಡಿಗಳ ಸಾಲು ಮುಗಿಯುವ ಕಡೆ ಒಬ್ಬ ಡಾಕ್ಟರ ಬೋರ್ಡು. 'ಸ್ತ್ರೀ ಪುರುಷರ ಗುಪ್ತರೋಗಗಳಿಗೆ ಚಿಕಿತ್ಸೆ' ಎಂದು ದಪ್ಪ ಅಕ್ಷರ. ಅದರ ಕೆಳಗೆ ಗೋಡೆಗೆ ಒರಗಿಸಿದ ಸೈಕಲ್. ಸೀಟಿಗೆ ಹಸಿರು ಬಟ್ಟೆಯ ಗವಸು, ಅಂಚಿಗೆ ಹಳದಿ ದಾರದ ಹೊಲಿಗೆ. ಆ ಗವಸು ಹೊಲಿದವಳು ನಾನೇ. ಹಸಿರು ದಾರ ಮುಗಿದು ಹಳದಿ ದಾರದಲ್ಲಿ ಮುಗಿಸಿದ್ದೆ.

ಅಲ್ಲೇ ನಿಂತುಬಿಟ್ಟೆ. "ಯಾಕ್ರೀ, ಬಿಸಿಲು ಹತ್ತಿತಾ?" ಎಂದರು ಪಕ್ಕದ ಮನೆಯವರು. ಹೌದೆಂದೆ.

ಮನೆಗೆ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿತ್ತು. ಇವರು ಎಲ್ಲಿಯೋ ಹೋಗಿದ್ದಾರೆ. ಅಲ್ಲಿಂದ ತಂದದ್ದನ್ನು ನನಗೆ ಅಂಟಿಸಿದ್ದಾರೆ. ಈಗ ತಾವು ಮಾತ್ರ ಕದ್ದು ಔಷಧಿ ಮಾಡಿಸಿಕೊಳ್ಳುತ್ತಿದ್ದಾರೆ. ಆ ಸಂಜೆ ಇವರಿಗೆ ಕಾಫಿ ಕೊಡುವಾಗ ಲೋಟವನ್ನು ಕುಕ್ಕಿದೆ. ಇವರು ತಲೆ ಎತ್ತಲಿಲ್ಲ. ತಲೆ ಎತ್ತದ್ದೇ ನನಗೆ ಸಾಕ್ಷಿಯಾಯಿತು.

ಹಾಗಿದ್ದರೆ ಕೇಳಿಬಿಡಬಹುದಿತ್ತಲ್ಲ ಎನ್ನಬಹುದು ಯಾರಾದರೂ. ಕೇಳಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಇವರ ದೊಡ್ಡಪ್ಪನ ಸೊಸೆಗೆ ಏನೋ ಒಳರೋಗ ಎಂದು ಹೇಳಿ ಅವಳನ್ನು ತವರಿಗೆ ಕಳಿಸಿದ್ದರು. ವಾಸಿಯಾದ ಮೇಲೆ ಕರೆಸಿಕೊಳ್ಳುತ್ತೇವೆ ಎಂದವರು ಮರುವರ್ಷ ಮಗನಿಗೆ ಇನ್ನೊಂದು ಮದುವೆ ಮಾಡಿದರು. ಆಗ ಅದನ್ನು ಯಾರೂ ತಡೆಯುತ್ತಿರಲಿಲ್ಲ. ಆ ಮದುವೆಯ ಊಟಕ್ಕೆ ನಾನೂ ಹೋಗಿದ್ದೆ, ಹೋಳಿಗೆ ತಿಂದು ಬಂದಿದ್ದೆ. ರೋಗ ಯಾರು ತಂದದ್ದು ಎಂದು ಅವಳನ್ನು ಬಿಟ್ಟು ಮತ್ತಾರನ್ನೂ ಕೇಳಿರಲಿಲ್ಲ. ನನ್ನ ಬಾಯಿಂದ ಮಾತು ಹೊರಬಿದ್ದರೆ ನನ್ನ ಪೆಟ್ಟಿಗೆಯೂ ಜಟಕಾ ಹತ್ತುತ್ತದೆ, ವಸು ಇಲ್ಲೇ ಉಳಿಯುತ್ತಾಳೆ. ಈ ಹೆದರಿಕೆ ಅನ್ನದ ಜೊತೆಗೆ, ನಿದ್ದೆಯ ಜೊತೆಗೆ, ಮಗಳ ಜಡೆ ಹೆಣೆಯುವಾಗಲೂ ನನ್ನ ಜೊತೆಗಿತ್ತು.

ನನ್ನ ಗುಟ್ಟು ರಟ್ಟಾದದ್ದು ನೀರಿನಿಂದ.

ಒಳಗೆ ಇರುವಾಗ ನಾನು ಎಷ್ಟು ನೀರು ಕುಡಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಂಡೆ, ಬಿಂದಿಗೆ ಎಲ್ಲ ನನ್ನ ಕೈಯಲ್ಲೇ. ಹೊರಗೆ ಕೂತವಳು ಬಿಂದಿಗೆ ಮುಟ್ಟುವ ಹಾಗಿಲ್ಲ. ಚೊಂಬನ್ನು ಹೊಸಿಲ ಹತ್ತಿರ ಇಟ್ಟು ಕೂಗಬೇಕು. ಅತ್ತೆ ಬಂದು ತಗುಲದಂತೆ ಮೇಲಿನಿಂದ ನೀರು ಹುಯ್ಯಬೇಕು. ಆ ದಿನ ನನ್ನ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಕುಡಿದು ಚೊಂಬು ಕೆಳಗಿಡುವುದರೊಳಗೆ ಮತ್ತೆ ಬಾಯಾರಿಕೆ.

"ಅತ್ತೇ, ನೀರು."

ಅತ್ತೆ ಬಂದರು. ಹುಯ್ಯಲಿಲ್ಲ. ತಂಬಿಗೆ ಹಿಡಿದುಕೊಂಡು ನಿಂತರು.

"ಜಾನಕೀ, ಇದು ಎಷ್ಟನೇ ಚೊಂಬೇ?"

"ಗೊತ್ತಿಲ್ಲ ಅತ್ತೆ."

"ನಂಗೊತ್ತು. ಒಂಬತ್ತನೇದು. ಇನ್ನೂ ಊಟಕ್ಕೆ ಎಲೆ ಹಾಕಿಲ್ಲ." ಅವರ ದನಿ ಸಣ್ಣದಾಯಿತು. "ಬಚ್ಚಲ ಮೋರಿ ಹತ್ರ ಇರುವೆ ಮುತ್ತಿದ್ವು, ಬೆಳಿಗ್ಗೆ ನೋಡ್ದೆ. ನಮ್ಮಣ್ಣನ ಮನೇಲೂ ಹೀಗೇ ಮುತ್ತಿದ್ವು ಕಣೇ."

ಅತ್ತೆಯ ಅಣ್ಣ ಸಕ್ಕರೆ ಕಾಯಿಲೆಯಲ್ಲಿ ಕಾಲು ಕಳೆದುಕೊಂಡು ಸತ್ತವರು. ಅದು ನನಗೆ ಗೊತ್ತಿತ್ತು. ಆದರೂ ಆ ಕ್ಷಣ ನನ್ನ ಹೆದರಿಕೆ ಸಕ್ಕರೆಯದಲ್ಲ. ಇನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ, ಡಾಕ್ಟರು ಸೀರೆ ಎತ್ತಿಸಿ ನೋಡುತ್ತಾರೆ, ಎಲ್ಲ ಗೊತ್ತಾಗುತ್ತದೆ ಎಂಬುದು. ಅತ್ತೆ ನೀರು ಹುಯ್ದರು. ಚೊಂಬು ತುಂಬಿ ಹೊರಗೆ ಚೆಲ್ಲುವ ತನಕ ಅವರಿಗೂ ಗಮನವಿರಲಿಲ್ಲ, ನನಗೂ ಇರಲಿಲ್ಲ.

ಮಾರನೆಯ ವಾರ ಲೇಡಿ ಡಾಕ್ಟರ ಶಾಪಿನಲ್ಲಿ ಬೆಂಚಿನ ಮೇಲೆ ಕೂತೆ. ಇವರು ಹೊರಗೆ ಸೈಕಲ್ ಹಿಡಿದು ನಿಂತಿದ್ದರು. ಅತ್ತೆ ನನ್ನ ಪಕ್ಕ, ಆದರೆ ಎರಡು ಮೊಳ ದೂರ. ಬೆಂಚಿನ ಮೇಲೆ ಬಸುರಿಯರು, ಕಂಕುಳಲ್ಲಿ ಮಗು ಇಟ್ಟುಕೊಂಡವರು. ಎಲ್ಲರೂ ಮಕ್ಕಳ ವಿಷಯ ಮಾತಾಡುತ್ತಿದ್ದರು. ನನ್ನ ಕೈಯಲ್ಲಿ ಸೆರಗಿನಡಿ ಮೂತ್ರದ ಸೀಸೆ. ಅದು ಬೆಚ್ಚಗಿತ್ತು. ಎದುರಿನ ಗೋಡೆಯಲ್ಲಿ ಲೈಂಗಿಕ ರೋಗಗಳ ಬಗ್ಗೆ ಸರ್ಕಾರದ್ದೊಂದು ಪ್ರಕಟಣೆ ಅಂಟಿಸಿದ್ದರು. ಅದನ್ನು ಓದುತ್ತಿರುವುದು ಯಾರಿಗಾದರೂ ಕಂಡೀತು ಎಂದು ನೆಲ ನೋಡುತ್ತಿದ್ದೆ, ಆದರೂ ಕದ್ದು ಕದ್ದು ಕಣ್ಣೆತ್ತಿ ಪೂರಾ ಓದಿ ಮುಗಿಸಿದ್ದೆ. ಅದರಲ್ಲಿ ಹೇಳಿದ್ದ ಲಕ್ಷಣಗಳಲ್ಲಿ ಅರ್ಧ ನನ್ನವೇ.

ಕಾಂಪೌಂಡರು ಸೀಸೆ ಇಸಿದುಕೊಂಡು ಪರದೆಯ ಆಚೆ ಹೋದರು. ಪರದೆ ಪೂರ್ತಿ ಮುಚ್ಚಿರಲಿಲ್ಲ. ಸ್ಪಿರಿಟ್ ದೀಪದ ಮೇಲೆ ಗಾಜಿನ ಕೊಳವೆ ಹಿಡಿದಿದ್ದರು. ಒಳಗೆ ನೀಲಿ ನೀರು, ಅದಕ್ಕೆ ನನ್ನ ಸೀಸೆಯಿಂದ ಕೆಲವು ಹನಿ. ಅದು ಹಸಿರಾಯಿತು, ಹಳದಿಯಾಯಿತು. ಅಲ್ಲಿಗೆ ನಿಲ್ಲುತ್ತದೇನೋ ಎಂದುಕೊಂಡೆ. ನಿಲ್ಲಲಿಲ್ಲ. ಹೆಂಚಿನ ಪುಡಿ ಕಲಸಿದ ಹಾಗೆ ಕೆಂಪಾಗಿ ತಳದಲ್ಲಿ ಕೂತಿತು. ಕೆಂಪೆಂದರೆ ಸಕ್ಕರೆ ವಿಪರೀತ ಎಂದು ಆಗ ನನಗೆ ಗೊತ್ತಿರಲಿಲ್ಲ.

ಡಾಕ್ಟರು ಐವತ್ತರ ಹೆಂಗಸು. ಕನ್ನಡಕದ ಮೇಲಿನಿಂದ ನೋಡುವವರು. ಅತ್ತೆಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಪರೀಕ್ಷೆ ಮಾಡಿದರು. ನಾನು ಗೋಡೆಯ ಕಡೆ ತಿರುಗಿ ಹಲ್ಲಿನಲ್ಲಿ ಸೆರಗು ಕಚ್ಚಿಕೊಂಡಿದ್ದೆ.

"ಎಷ್ಟು ತಿಂಗಳಿಂದ ಮುಚ್ಚಿಟ್ಟಿದೀಯಮ್ಮ?"

"ಹತ್ತು."

"ಗಂಡನ ಜೊತೆ ಸೇರೋವಾಗ ನೋವಾ?"

ತಲೆ ಆಡಿಸಿದೆ.

"ಆಸೆ? ಆಸೆನೂ ಹೋಗಿದ್ಯಾ?"

ಈ ಪ್ರಶ್ನೆಯನ್ನು ನನ್ನ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ನನಗೆ ಒಂದು ಆಸೆ ಇತ್ತು, ಅದು ಈಗ ಇಲ್ಲ, ಅದನ್ನು ಡಾಕ್ಟರಾದವರು ಕೇಳಿ ತಿಳಿದುಕೊಳ್ಳಬೇಕಾದ ವಿಷಯ ಎಂದು ನನಗೆ ಹೊಳೆದೇ ಇರಲಿಲ್ಲ. ನನಗೆ ಅಳು ಬಂತು. ಅವರು ಅಳು ನಿಲ್ಲುವ ತನಕ ಏನೋ ಚೀಟಿ ಬರೆಯುತ್ತಾ ಕೂತಿದ್ದರು.

"ನೀನು ಅಂದ್ಕೊಂಡಿರೋ ರೋಗ ಇದಲ್ಲ" ಎಂದರು ಆಮೇಲೆ. "ಮೈಯಲ್ಲಿ ಸಕ್ಕರೆ ಹೆಚ್ಚಾಗಿ ಅಲ್ಲಿ ಬೂಸ್ಟು ಹಿಡಿದಿದೆ ಅಷ್ಟೆ. ಯಾರೂ ಎಲ್ಲಿಂದಾನೂ ತಂದಿದ್ದಲ್ಲ. ಹಾಂ, ನಿಮ್ಮ ಯಜಮಾನರಿಗೂ ತುರಿಕೆ ಇದೆಯಾ ಕೇಳು. ನಿನ್ನಿಂದ ಅವರಿಗೆ ಹೋಗಿದ್ರೂ ಹೋಗಿರಬಹುದು."

ನನ್ನಿಂದ ಅವರಿಗೆ. ಹಸಿರು ಗವಸಿನ ಸೈಕಲ್ಲು ನೆನಪಾಗಿ ನಾಚಿಕೆಯಲ್ಲಿ ಕುಗ್ಗಿಹೋದೆ.

ಒಂದು ಭಯ ಇಳಿಯಿತು, ಅದರ ಜಾಗಕ್ಕೆ ಇನ್ನೊಂದು ಬಂದು ಕೂತಿತು. ಬದುಕಿರುವ ತನಕ ದಿನವೂ ಇಂಜೆಕ್ಷನ್ನು. ಒಂದು ದಿನವೂ ತಪ್ಪಿಸಬಾರದು. ತಪ್ಪಿಸಿದರೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ ಡಾಕ್ಟರು "ತಪ್ಪಿಸಬೇಡ" ಎಂದಷ್ಟೇ ಹೇಳಿದರು. ಅತ್ತೆಯ ಅಣ್ಣನ ಕಾಲು ಕಣ್ಣ ಮುಂದೆ ಬಂತು.

ಮನೆಗೆ ಬಂದ ಮೇಲೆ ಅತ್ತೆ ಲೇಹ್ಯದ ಡಬ್ಬಿ ಎತ್ತಿಕೊಂಡು ಹಿತ್ತಿಲಿಗೆ ಹೋದರು. ಮರದ ಬುಡದಲ್ಲಿ ಬಗ್ಗಿಸಿ ಚಮಚದಿಂದ ಕೆರೆದು ಕೆರೆದು ಖಾಲಿ ಮಾಡಿದರು. "ನನ್ನ ಕೈಯಾರೆ ವಿಷ ಉಣಿಸ್ದೆ" ಎಂದರು. ನಿಮ್ಮ ತಪ್ಪಲ್ಲ, ಮುಚ್ಚಿಟ್ಟವಳು ನಾನು ಎನ್ನಬೇಕಾಗಿತ್ತು. ಅದರ ಬದಲು ಡಬ್ಬಿ ತೆಗೆದುಕೊಂಡು ತೊಳೆಯಲು ಕೂತೆ.

ಡಾಕ್ಟರು ಹಚ್ಚಿಕೊಳ್ಳಲು ಕೊಟ್ಟ ಔಷಧಿ ಕಡು ನೇರಳೆ ಬಣ್ಣದ್ದು. ಲಂಗ, ಸೀರೆ, ಚಾಪೆ ಎಲ್ಲ ಕಲೆ. ಒಗೆದರೂ ಹೋಗದು. "ಅಜ್ಜೀ, ನಮ್ಮಮ್ಮ ನೇರಳೆ ಹಣ್ಣಿನ ಮೇಲೆ ಕೂತ್ಕೊಂಡ್ಲಾ?" ಎಂದು ವಸು ಅಜ್ಜಿಯನ್ನು ಕೇಳಿದಳು. "ಹೂಂ ಕಣೆ, ನೋಡದೆ ಕೂತ್ಬಿಟ್ಳು" ಎಂದರು ಅತ್ತೆ. ಎಷ್ಟೋ ತಿಂಗಳ ಮೇಲೆ ಆ ದಿನ ನಾನು ನಕ್ಕೆ. ಎರಡು ವಾರದಲ್ಲಿ ಉರಿ ಇಳಿಯಿತು. ತುರಿಕೆಯಿಲ್ಲದೆ ಒಂದಿಡೀ ಮಧ್ಯಾಹ್ನ ಕಳೆದ ದಿನ ಜಗಲಿಯಲ್ಲಿ ಸುಮ್ಮನೆ ಕಾಲು ಚಾಚಿ ಕೂತು ರಸ್ತೆ ನೋಡಿದೆ. ಆ ಸುಖ ಅನುಭವಿಸಿದವರಿಗೇ ಗೊತ್ತು.

ಇಂಜೆಕ್ಷನ್ನಿನ ಸೀಸೆಯನ್ನು ಬಚ್ಚಲಮನೆಯ ಮೂಲೆಯಲ್ಲಿ ಒದ್ದೆ ಮರಳು ತುಂಬಿದ ಮಡಕೆಯಲ್ಲಿ ಹುಗಿದು ತಣ್ಣಗಿಡುತ್ತಿದ್ದೆವು. ಗಾಜಿನ ಪಿಚಕಾರಿ, ಸೂಜಿ ಕುದಿಸಲು ಬೇರೆ ಪಾತ್ರೆ. ಚುಚ್ಚಿಕೊಳ್ಳಲು ನನ್ನ ಕೈ ಏಳಲಿಲ್ಲ. ಪ್ರಯೋಗಶಾಲೆಯಲ್ಲಿ ದಿನವೂ ಗಾಜು ಹಿಡಿಯುವ ಕೈ ಇವರದು. ಇವರೇ ಡಾಕ್ಟರಿಂದ ಕಲಿತು ಬಂದರು. ಮೊದಲ ದಿನ ನನ್ನ ತೋಳು ಹಿಡಿದು ಒಂದೇ ಜಾಗವನ್ನು ಮೂರು ಸಲ ಸ್ಪಿರಿಟ್ಟಿನಿಂದ ಒರೆಸಿದರು. ಬಹಳ ದಿನಗಳ ಮೇಲೆ ಇವರು ನನ್ನನ್ನು ಮುಟ್ಟಿದ್ದು ಹೀಗೆ, ಸೂಜಿ ಹಿಡಿದುಕೊಂಡು.

ಮೂತ್ರ ಪರೀಕ್ಷೆಯನ್ನೂ ಮನೆಯಲ್ಲೇ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಬಚ್ಚಲಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ದೀಪದ ಮೇಲೆ ಕೊಳವೆ ಹಿಡಿದಿದ್ದಾಗ ನಾನು ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟೆ.

"ಆ ಮಂಡಿ ಮೊಹಲ್ಲಾ ಡಾಕ್ಟರ ಹತ್ರ ಯಾಕೆ ಹೋಗಿದ್ರಿ?"

ಕೊಳವೆ ಅಲುಗಾಡಿತು. ಇವರು ತಿರುಗಲಿಲ್ಲ. "ನಿನಗೆ ಯಾರು ಹೇಳಿದ್ರು?"

"ಸೈಕಲ್ಲಿನ ಸೀಟು ಹೇಳ್ತು."

ದೀಪದ ಬತ್ತಿ ಸರಿಮಾಡಿದರು. "ನನಗೂ ತುರಿಕೆ ಬಂತು ಕಣೆ. ಎಲ್ಲೂ ಹೋಗದವನಿಗೆ ಹೇಗೆ ಬಂತು ಅಂತ ತಲೆ ಕೆಟ್ಟುಹೋಯ್ತು. ಆ ಮನುಷ್ಯ ಎಲ್ಲರೆದುರಿಗೇ ಕೇಳ್ದ, ಯಾವ ಬೀದಿಗೆ ಹೋಗ್ತೀರಿ ಅಂತ. ಮುಲಾಮು ಕೂಡ ತಗೊಳ್ಳದೆ ಎದ್ದು ಬಂದೆ."

"ಎಲ್ಲೂ ಹೋಗಿಲ್ಲ ಅಂತ ನಿಮಗೆ ಗೊತ್ತು. ಅಂದ್ಮೇಲೆ ನನ್ನ ಮೇಲೆ ಅನುಮಾನ ಪಟ್ರಾ?"

ಇಲ್ಲ ಎಂದಿದ್ದರೆ ನಂಬುತ್ತಿರಲಿಲ್ಲ. ಇವರು ಹಾಗೆನ್ನಲಿಲ್ಲ. "ಒಂದು ದಿನ ಪಟ್ಟೆ" ಎಂದರು. "ಆಮೇಲೆ ನಾಚಿಕೆ ಆಯ್ತು. ಆದ್ರೂ ನೀನು ಮೇಲಿಂದ ಮೇಲೆ ಹೊರಗೆ ಕೂರೋದು ನೋಡಿ, ನನ್ನ ಕಂಡ್ರೇ ಅಸಹ್ಯ ಇವಳಿಗೆ ಅಂದ್ಕೊಂಡೆ."

"ನಾನು ಮೂರು ತಿಂಗಳು ಅನುಮಾನ ಪಟ್ಟಿದೀನಿ" ಎಂದೆ. "ಕಾಫಿ ಲೋಟ ಕುಕ್ಕಿದ್ದು ಅದಕ್ಕೇ."

ಕೊಳವೆಯ ನೀರು ಉಕ್ಕಿ ಇವರ ಕೈ ಮೇಲೆ ಬಿತ್ತು. "ಅಯ್ಯೋ!" ಎಂದು ಕೈ ಒದರಿದರು. ಮಿಕ್ಕಿದ ನೀರು ಹಸಿರು ಬಣ್ಣಕ್ಕೆ ನಿಂತಿತ್ತು, ಎಂದರೆ ಸಕ್ಕರೆ ಇಳಿದಿತ್ತು. ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು. ನಾನು ಸುಳ್ಳಿಗೆ ಹೊರಗೆ ಕೂತದ್ದನ್ನು ಅಂದೇ ಇವರಿಗೆ ಹೇಳಿದೆ. ಅತ್ತೆಗೆ ಮಾತ್ರ ಹೇಳಲಾಗಲಿಲ್ಲ. ಮಡಿಯ ಹೆಂಗಸಿಗೆ ಮಡಿಯ ಹೆಸರಲ್ಲಿ ಸುಳ್ಳು ಹೇಳಿದ್ದೆ. ಅದು ಗೊತ್ತಾದರೆ ಅವರು ನನ್ನ ಕೈಯ ನೀರು ಕುಡಿಯುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಚಿಕಿತ್ಸೆ ಶುರುವಾಗಿ ಒಂದು ತಿಂಗಳೂ ತುಂಬಿರಲಿಲ್ಲ. ಒಂದು ಬೆಳಿಗ್ಗೆ ನಿಜವಾಗಿಯೂ ಹೊರಗಾದೆ. ಇಂಜೆಕ್ಷನ್ನಿಗೆ ಇನ್ನೂ ಒಂದು ಗಂಟೆ ಇತ್ತು. ಕೋಣೆಗೆ ಹೋಗಿ ಚಾಪೆಯ ಮೇಲೆ ಕೂತ ಮೇಲೆ ಹೊಳೆಯಿತು. ಮೂರು ದಿನ ನನ್ನನ್ನು ಯಾರೂ ಮುಟ್ಟುವ ಹಾಗಿಲ್ಲ. ಸೂಜಿ ಚುಚ್ಚುವವರು ಯಾರು?

ಎಡಗೈಯಲ್ಲಿ ಬಲತೋಳು ಹಿಡಿದು ನೋಡಿದೆ. ನಾನೇ ಚುಚ್ಚಿಕೊಳ್ಳಬೇಕು ಎಂದುಕೊಂಡೆ. ಪಿಚಕಾರಿ, ಸೀಸೆ, ಮರಳ ಮಡಕೆ ಎಲ್ಲ ಒಳಗಿದ್ದವು, ನಾನು ಅವನ್ನೂ ಮುಟ್ಟುವ ಹಾಗಿರಲಿಲ್ಲ. ತಪ್ಪಿಸಬೇಡ ಎಂದು ಡಾಕ್ಟರು ಹೇಳಿದ ದನಿ ಕಿವಿಯಲ್ಲಿ ಕೇಳಿಸುತ್ತಿತ್ತು. ಮೂರು ದಿನ ಎಂದರೆ ಮೂರು ಸೂಜಿ. ಅತ್ತೆಯ ಅಣ್ಣ ಎಷ್ಟು ಸೂಜಿ ತಪ್ಪಿಸಿಕೊಂಡಿದ್ದರೋ! ಸುಳ್ಳು ಹೇಳಿ ಹೇಳಿ ನಾನೇ ಬಯಸಿ ಬಂದ ಕೋಣೆ ಅದು. ಈಗ ಅದರಲ್ಲೇ ನನ್ನ ಕಥೆ ಮುಗಿಯುತ್ತದೆ ಅನ್ನಿಸಿತು. ತಮಾಷೆಯಲ್ಲ, ಸಾಯುತ್ತೇನೆಂದೇ ಅಂದುಕೊಂಡೆ.

ಇವರು ಪಿಚಕಾರಿ ಸಿದ್ಧಮಾಡಿಕೊಂಡು ನನ್ನನ್ನು ಹುಡುಕುತ್ತಾ ಬಂದವರು ಕೋಣೆಯ ಬಾಗಿಲಲ್ಲಿ ಗಕ್ಕನೆ ನಿಂತರು. ಒಂದು ಕಾಲು ಹೊಸಿಲ ಹತ್ತಿರ, ಇನ್ನೊಂದು ಹಿಂದೆ. ಅವರ ಹಿಂದೆಯೇ ಅಡುಗೆಮನೆಯಿಂದ ಮಡಿಸೀರೆಯಲ್ಲಿ ಅತ್ತೆ ಬಂದರು. ಮಗ ತಾಯಿಯನ್ನು ನೋಡಿದರು. ನಾನು ಇಬ್ಬರನ್ನೂ ನೋಡಿದೆ.

"ಯಾಕೋ ನಿಂತ್ಬಿಟ್ಟೆ?" ಎಂದರು ಅತ್ತೆ. "ಹೊತ್ತಾಗಲ್ವಾ? ಹೋಗಿ ಚುಚ್ಚು."

"ಅಮ್ಮಾ, ಅವಳು ಹೊರಗೆ..."

"ಗೊತ್ತು. ಕಣ್ಣಿದೆ ನನಗೆ." ಆಮೇಲೆ ನನ್ನ ಕಡೆ ತಿರುಗಿದರು. "ಸುಳ್ಳುಸುಳ್ಳೇ ಕೂತಿದ್ದಾಗೆಲ್ಲ ಮಡಿ ಅಂತ ದೂರದಿಂದ ನೀರು ಹುಯ್ದೆ. ಈಗ ನಿಜವಾಗಿ ಕೂತಿದೀಯ. ಈಗ ನಾನು ಮಡಿ ನೋಡಲ್ಲ."

ಚಾಪೆಯಿಂದ ಅರ್ಧ ಎದ್ದೆ. "ಅತ್ತೇ, ನಿಮಗೆ..."

"ಬಿಳೀ ಬಟ್ಟೆ ತಿಂಗಳಿಗೆ ಮೂರು ಸಲ ಒಗೆದ್ರೂ ಒಂದು ಕಲೆ ಇಲ್ಲ. ಯಾವ ಹೆಂಗಸಿಗೆ ಗೊತ್ತಾಗಲ್ಲ ಹೇಳು? ಮಗು ಹೋದ ಸಂಕಟ, ಗಂಡನ ಹತ್ರ ಹೋಗಕ್ಕೆ ಮನಸ್ಸಿಲ್ಲ, ಇರಲಿ ಬಿಡು ಅಂತ ಸುಮ್ನಿದ್ದೆ. ಹೀಗೊಂದು ಉರಿ ಇಟ್ಕೊಂಡಿದೀಯ ಅಂತ ತಿಳೀಲಿಲ್ಲ." ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ತಿಳೀಬೇಕಾಗಿತ್ತು. ನಾನೂ ಕೂತಿದ್ದೆ ಕಣೇ ಇದೇ ಥರ, ನಿಮ್ಮ ಮಾವನ ಕಾಲದಲ್ಲಿ. ಅದೇ ಉರಿ. ಯಾರಿಗೆ ಹೇಳ್ಲಿ? ನಮ್ಮತ್ತೆಗೆ ಹೇಳಕ್ಕಾಗ್ತಿತ್ತಾ?"

ಇವರು ತಲೆ ತಗ್ಗಿಸಿದ್ದರು. ಮಗನ ಎದುರಿಗೆ ಈ ಮಾತು ಆಡಲು ಆ ಹೆಂಗಸಿಗೆ ಏನೇನು ದಾಟಬೇಕಾಯಿತೋ ನಾನು ಊಹಿಸಬಲ್ಲೆ.

"ಚುಚ್ಚಿ ಸ್ನಾನ ಮಾಡಿ ಒಳಗೆ ಬಾ. ನೀರು ಕಾದಿದೆ" ಎಂದು ಮಗನಿಗೆ ಹೇಳಿ ಅಡುಗೆಮನೆಗೆ ಹೋದರು.

ಇವರು ಹೊಸಿಲು ದಾಟಿ ಒಳಗೆ ಬಂದು ಚಾಪೆಯ ಅಂಚಿನಲ್ಲಿ ಕೂತರು. ನನ್ನ ತೋಳು ಹಿಡಿದರು. ಆ ಮನೆಯಲ್ಲಿ ಹೊರಗಾದ ದಿನಗಳಲ್ಲಿ ಒಬ್ಬ ಗಂಡ ಹೆಂಡತಿಯನ್ನು ಮುಟ್ಟಿದ್ದು ಅದೇ ಮೊದಲಿರಬೇಕು. ಸೂಜಿ ತೆಗೆದ ಮೇಲೂ ಕೈ ತೆಗೆಯಲಿಲ್ಲ. ನಾನೂ ತೆಗೆಯಿರಿ ಎನ್ನಲಿಲ್ಲ.

ಅತ್ತೆ ಈಗಿಲ್ಲ. ಕೊನೆಯವರೆಗೂ ಅವರು ತಮ್ಮ ಮೂತ್ರ ಪರೀಕ್ಷೆ ಮಾಡಿಸಲು ಒಪ್ಪಲಿಲ್ಲ. ಮೋರಿಯ ಹತ್ತಿರ ಇರುವೆ ಕಂಡಾಗಲೆಲ್ಲ ಅವು ನನಗೆ ಬಂದವೋ ಅವರಿಗೆ ಬಂದವೋ ಎಂದು ನನಗೆ ಭಯವಾಗುತ್ತಿತ್ತು. ಆ ಭಯ ನನ್ನ ಬಗ್ಗೆ ಈಗಲೂ ಇದೆ. ಕಾಲಿಗೆ ಮುಳ್ಳು ಚುಚ್ಚಿದರೆ, ಕಣ್ಣು ಮಂಜಾದರೆ, ಎಲ್ಲಿಯಾದರೂ ಸ್ವಲ್ಪ ತುರಿಸಿದರೆ ಸಾಕು, ಬೆಳಗಿನ ಕೊಳವೆಯ ಬಣ್ಣ ನೋಡುವ ತನಕ ಊಟ ಸೇರುವುದಿಲ್ಲ. ಹೆದರಿಕೆ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆಸ್ಪತ್ರೆಯ ಬೆಂಚಿನ ಮೇಲಿದ್ದ ಆ ತಂಗಿಗೆ ಉತ್ತರ ಕೊಡಬೇಕು. ಅವಳಿಗೆ ಓದು ಬರುತ್ತದೋ ಇಲ್ಲವೋ, ಓದು ಬರುವವರು ಅಂಥವರಿಗೆ ಹೇಳಿ. ಗಂಡನ ಜೊತೆ ಇರಲು ಆಗುತ್ತದಮ್ಮ. ಕೂಡಲೇ ಅಲ್ಲ. ನನಗೆ ಆಸೆ ಹಿಂದಿರುಗಲು ವರ್ಷವೇ ಹಿಡಿಯಿತು, ಮೊದಲಿನಷ್ಟು ಬಂದಿತೆಂದೂ ಹೇಳಲಾರೆ. ಆದರೆ ಡಾಕ್ಟರ ಹತ್ತಿರ ಹೋದಾಗ ಬಾಯಾರಿಕೆ, ಸುಸ್ತು ಎಲ್ಲ ಆಮೇಲೆ ಹೇಳು, ನನ್ನ ಕಿವಿಯಲ್ಲಿ ಹೇಳಿದ್ದನ್ನು ಮೊದಲು ಹೇಳು. ಮತ್ತೆ ಮನೆಯಲ್ಲಿ, ಬೇಡ ಅನ್ನಿಸಿದ ದಿನ ಬೇಡ ಎಂದೇ ಹೇಳು. ನಾನು ಈಗ ಹಾಗೇ ಹೇಳುತ್ತೇನೆ. ಇವರು ಪಕ್ಕದಲ್ಲೇ ಮಲಗಿರುತ್ತಾರೆ. ನಾನು ಎದ್ದು ಆ ಕೋಣೆಗೆ ಹೋಗುವುದಿಲ್ಲ.